ಹೇಳದೆ ಸೀಳುವ ಉಕ್ಕು

ವೈಸ್‌ನ ದವಡೆಗೆ ಯಾವ ಉಕ್ಕು ಹಾಕಲಿ ಎಂದು ಯಾರಾದರೂ ಕೇಳಿಕೊಂಡು ಬಂದರೆ ನಾನು ಮೊದಲಿಗೇ ಉಕ್ಕಿನ ಹೆಸರು ಹೇಳುವುದಿಲ್ಲ. ಆ ಮೆಷಿನ್ನಿನ ಮುಂದೆ ನಿಲ್ಲುವವರು ಯಾರು ಎಂದು ಕೇಳುತ್ತೇನೆ. ಬಂದವರಿಗೆ ಇದು ತಲೆಹರಟೆ ಅನ್ನಿಸುತ್ತದೆ. ಅನ್ನಿಸಲಿ.

ಮಿಲ್ಲಿಂಗ್ ಮೆಷಿನ್ನಿನ ಮೇಜಿನ ಮೇಲೆ ಕೂರುವ ವೈಸ್ ಎಂದರೆ ಕಬ್ಬಿಣದ ಒಂದು ಬಾಯಿ. ಕೊರೆಯಬೇಕಾದ ತುಂಡನ್ನು ಅದು ಕಚ್ಚಿ ಹಿಡಿದಿರಬೇಕು. ಮೈಯೆಲ್ಲ ಎರಕದ ಕಬ್ಬಿಣ, ಕಚ್ಚುವ ಜಾಗಕ್ಕೆ ಮಾತ್ರ ಎರಡು ಉಕ್ಕಿನ ಪಟ್ಟಿಗಳನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಅವನ್ನೇ ನಾವು ದವಡೆ ಎನ್ನುವುದು. ನೋಡಿದರೆ ಏನೂ ಅಲ್ಲದ ಸಾಮಾನು. ಎರಡು ತೂತು, ಒಂದಿಷ್ಟು ಹಲ್ಲು, ಅಷ್ಟೇ.

ತೊಂಬತ್ತರ ದಶಕದ ನಡುವಿನ ಮಾತು. ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಶೆಡ್ಡು, ಮನೆ ಕುಂಬಾರಕೊಪ್ಪಲಿನಲ್ಲಿ. ಹತ್ತಿರದ ದೊಡ್ಡ ಕಾರ್ಖಾನೆಯೊಂದಕ್ಕೆ ವೈಸ್ ಮಾಡಿಕೊಡುತ್ತಿದ್ದೆ. ಅಲ್ಲಿಯ ಮಿಲ್ಲಿಂಗ್ ವಿಭಾಗದಲ್ಲಿ ನನ್ನ ಅಕ್ಕನ ಗಂಡ ಆಪರೇಟರ್. ನನ್ನ ವೈಸ್ ಹೋಗಿ ಕೂರುತ್ತಿದ್ದದ್ದು ಭಾವನ ಮೆಷಿನ್ನಿನ ಮೇಲೆಯೇ. ಹಾಗಾಗಿ ದೂರು ಎಂಬುದು ನನಗೆ ಎರಡು ಸಲ ಬರುತ್ತಿತ್ತು. ಫೋರ್‌ಮನ್‌ನಿಂದ ಕಾರ್ಖಾನೆಯಲ್ಲಿ ಒಮ್ಮೆ, ಭಾವನಿಂದ ಊಟದ ತಟ್ಟೆಯ ಮುಂದೆ ಇನ್ನೊಮ್ಮೆ.

ಆ ವರ್ಷದ ದೂರು, ದವಡೆ ಸವೆಯುತ್ತಿದೆ ಎಂದು. ಬಡಿದು ಮಾಡಿದ ಒರಟು ತುಂಡುಗಳನ್ನು ಕಚ್ಚಿ ಕಚ್ಚಿ ಹಲ್ಲುಗಳು ಮೊಂಡಾಗಿದ್ದವು, ಹಿಡಿದ ತುಂಡು ಕಟರ್‌ನ ಏಟಿಗೆ ಜಾರುತ್ತಿತ್ತು. "ನಿನ್ ವೈಸ್‌ಗೆ ಹಲ್ಲೆಲ್ಲ ಉದುರೋಗಿದೆ ಕಣೋ, ಇನ್ಮೇಲೆ ಗಂಜಿ ಕುಡಿಸ್ಬೇಕು ಅದಕ್ಕೆ," ಎಂದು ಭಾವ ಅಕ್ಕನ ಎದುರಿಗೇ ನನ್ನ ಮರ್ಯಾದೆ ತೆಗೆದರು. ಫೋರ್‌ಮನ್ ನಗದೆ ಅದನ್ನೇ ಹೇಳಿದರು. ದಸರಾ ಮುಗಿಯುತ್ತಲೇ ಹೊಸ ದವಡೆಗಳು ಬರಬೇಕು, ಬಂದರೆ ಇಡೀ ವಿಭಾಗದ ವೈಸ್‌ಗಳೂ ನಿಮ್ಮವೇ, ಬರದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದರು.

ಅಲ್ಲಿಯವರೆಗೆ ನಾನು ದವಡೆಗೆ ಹಾಕುತ್ತಿದ್ದದ್ದು ಸಾದಾ ಮೆತ್ತನೆ ಉಕ್ಕು. ಅದನ್ನು ಇದ್ದಿಲಪುಡಿಯ ಜೊತೆ ಪೆಟ್ಟಿಗೆಯಲ್ಲಿ ತುಂಬಿ, ಮಣ್ಣು ಮೆತ್ತಿ, ಬೆಂಕಿಯಲ್ಲಿ ಇಡೀ ದಿನ ಕಾಯಿಸಿ ನೀರಿಗೆ ಹಾಕಿದರೆ ಮೇಲೊಂದು ಗಟ್ಟಿ ಪೊರೆ ಬರುತ್ತದೆ. ಮಾವಿನಕಾಯಿಯ ಸಿಪ್ಪೆಯಷ್ಟು. ಒಳಗೆ ಮೆತ್ತಗೆ. ಹಗುರ ಕೆಲಸಕ್ಕೆ ಸಾಕು, ಒತ್ತಡ ಜಾಸ್ತಿಯಾದರೆ ಸಿಪ್ಪೆ ಒಳಕ್ಕೆ ಕುಸಿಯುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಇಎನ್-ಎಂಟು ಎಂಬ, ಇಂಗಾಲ ಸ್ವಲ್ಪ ಹೆಚ್ಚಿರುವ ಉಕ್ಕು. ಗ್ಯಾಸ್ ಜ್ವಾಲೆಯಿಂದ ಅದರ ಮುಖವನ್ನಷ್ಟೇ ಗಟ್ಟಿ ಮಾಡಿಸಿ ನೋಡಿದೆ. ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ, ಪಟ್ಟಿ ಬೇರೆ ಬಾಳೆಹಣ್ಣಿನಂತೆ ಬಾಗಿತು.

ಕೊನೆಗೆ ಕಣ್ಣು ಬಿದ್ದದ್ದು ಓಎಚ್‌ಎನ್‌ಎಸ್ ಮೇಲೆ. ಅಚ್ಚು, ಡೈ ಮಾಡಲು ಬಳಸುವ ಉಕ್ಕು ಅದು. ಎಣ್ಣೆಯಲ್ಲಿ ಅದ್ದಿದರೆ ಹೊರಗೆ ಒಳಗೆ ಎನ್ನದೆ ಪೂರ್ತಿ ಗಟ್ಟಿಯಾಗುತ್ತದೆ, ಅಳತೆಯೂ ಹೆಚ್ಚು ಕೆಡುವುದಿಲ್ಲ. ಲಷ್ಕರ್ ಮೊಹಲ್ಲಾದ ಹಳೇ ಕಬ್ಬಿಣದ ಅಂಗಡಿಯೊಂದರಲ್ಲಿ ಅದರ ಪಟ್ಟಿಗಳು ಬಂದಿವೆ ಎಂದು ಗೊತ್ತಾಯಿತು. ಇಂಥ ಕಡೆ ವ್ಯಾಪಾರಕ್ಕೆ ಹೋದಾಗ ಮೊದಲು ರೇಟು ಕೇಳಬೇಡಿ, ಗ್ರೈಂಡರ್ ಎಲ್ಲಿದೆ ಕೇಳಿ. ಪಟ್ಟಿಯ ತುದಿಯನ್ನು ಚಕ್ರಕ್ಕೆ ಮುಟ್ಟಿಸಿದರೆ ಕಿಡಿ ತನ್ನ ಜಾತಕ ತಾನೇ ಹೇಳುತ್ತದೆ. ಸಾದಾ ಉಕ್ಕಿನ ಕಿಡಿ ಉದ್ದಕ್ಕೆ ಸುಮ್ಮನೆ ಹೋಗುತ್ತದೆ, ಇದರದ್ದು ಹತ್ತಿರದಲ್ಲೇ ಸುರುಸುರುಬತ್ತಿಯ ಹಾಗೆ ಒಡೆದು ಚೆಲ್ಲುತ್ತದೆ. ಕಿಡಿ ನೋಡಿದೆ, ಮುಖದಲ್ಲಿ ಏನೂ ತೋರಿಸಲಿಲ್ಲ, ತುಕ್ಕು ಹಿಡಿದಿದೆ ಎಂದು ಗೊಣಗಿದೆ, ಒಮ್ಮೆ ಅಂಗಡಿ ಮೆಟ್ಟಿಲೂ ಇಳಿದೆ. ಅಂಗಡಿಯವರು ಕರೆದರು. ಗೆದ್ದೆ ಅಂದುಕೊಂಡೆ.

ದವಡೆ ಕೊರೆದು, ಹಲ್ಲು ಕೊಯ್ದು, ಬೋಲ್ಟಿನ ತಲೆ ಕೂರಲು ಗುಂಡಿ ತೋಡಿಸಿದೆ. ಆ ಗುಂಡಿಯ ತಳದ ಮೂಲೆ ಚೂಪಾಗಿಯೇ ಇತ್ತು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಮೂಲೆಯನ್ನು ಸ್ವಲ್ಪ ದುಂಡಗೆ ಮಾಡಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ಗಟ್ಟಿ ಮಾಡಿಸಲು ಹೋದದ್ದು ನಮ್ಮ ಪ್ರದೇಶದಲ್ಲೇ ಕುಲುಮೆ ಇಟ್ಟುಕೊಂಡಿದ್ದ ಯಜಮಾನರ ಬಳಿ. ಅವರದು ಉಪ್ಪಿನ ಕುಲುಮೆ. ತೊಟ್ಟಿಯಲ್ಲಿ ಉಪ್ಪು ಕರಗಿ ಕೆಂಡದ ನೀರಾಗಿ ಹೊಳೆಯುತ್ತಿರುತ್ತದೆ, ತಂತಿಗೆ ಕಟ್ಟಿದ ದವಡೆಗಳನ್ನು ಅದರೊಳಗೆ ಇಳಿಬಿಟ್ಟು, ಅವೂ ಅದೇ ಬಣ್ಣಕ್ಕೆ ಬಂದ ಮೇಲೆ ಎತ್ತಿ ಎಣ್ಣೆಗೆ ಅದ್ದುವುದು. ಇದು ಅರ್ಧ ಕೆಲಸ. ಆಗ ಉಕ್ಕು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಪೆಡಸು, ಬೇಗ ಒಡೆಯುತ್ತದೆ. ಅದನ್ನು ಇನ್ನೊಂದು ಒಲೆಯಲ್ಲಿ ಹದವಾದ ಶಾಖದಲ್ಲಿ ಕೆಲವು ಗಂಟೆ ಇಟ್ಟು ಬಿಗುವು ಇಳಿಸಬೇಕು. ಅದಕ್ಕೆ ಟೆಂಪರ್ ಎನ್ನುತ್ತಾರೆ. ಉಳಿದರ್ಧ ಅದು.

ನಮ್ಮ ದವಡೆಗಳು ಎಣ್ಣೆಯಿಂದ ಮೇಲೆದ್ದದ್ದು ಆಯುಧಪೂಜೆಯ ಹಿಂದಿನ ಸಂಜೆ. ಅರ ಹಾಕಿ ಉಜ್ಜಿದರೆ ಅರವೇ ಜಾರಿತು, ನನಗೆ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ಅವರ ಕೆಲಸಗಾರರು ನೆಲ ತೊಳೆದಿದ್ದರು, ಟೆಂಪರ್ ಒಲೆಯ ಬಾಗಿಲಿಗೆ ಮಾವಿನೆಲೆ ಕಟ್ಟಿ ಅರಿಶಿನ ಹಚ್ಚಿದ್ದರು. ಒಮ್ಮೆ ತೊಳೆದು ಅರಿಶಿನ ಇಟ್ಟ ಒಲೆಯನ್ನು ಹಬ್ಬ ಮುಗಿಯುವ ತನಕ ಹೊತ್ತಿಸುವ ಪದ್ಧತಿ ಎಲ್ಲಿಯೂ ಇಲ್ಲ. ಯಜಮಾನರು ಒಲೆಯ ಕಡೆ ನೋಡಿದರು, ದವಡೆಗಳ ಕಡೆ ನೋಡಿದರು. ಹಬ್ಬ ಮುಗಿಸಿಕೊಂಡು ತನ್ನಿ, ಟೆಂಪರ್ ಮಾಡಿಕೊಡುತ್ತೇನೆ, ಇವೇನು ಎಲ್ಲಿಗೂ ಓಡಿಹೋಗುವುದಿಲ್ಲ ಎಂದರು. ಹೊಸ ಮಾಲು ದೇವರ ಮುಂದಿರಲಿ ಎಂದು ನಾನೂ ಅವನ್ನು ಶೆಡ್ಡಿಗೆ ತಂದೆ.

ಮರುದಿನ ಬೆಳಿಗ್ಗೆ ನಮ್ಮ ಪೂಜೆ. ಅವ್ವ ಬಂದು ಮೆಷಿನ್ನು, ಸ್ಪ್ಯಾನರು, ದವಡೆ, ಒಂದನ್ನೂ ಬಿಡದೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಅಷ್ಟರಲ್ಲಿ ಭಾವ ಸೇವಂತಿಗೆಯ ಚೀಲದೊಂದಿಗೆ ಕಾರ್ಖಾನೆಯ ಪೂಜೆಗೆ ಹೊರಟವರು ಹಾದುಹೋಗುತ್ತ ಒಳಗೆ ಬಂದರು. ದವಡೆ ಕೈಗೆತ್ತಿ ತಿರುಗಿಸಿ ನೋಡಿದರು.

"ಒಂದ್ ಜೊತೆ ಕೊಡು. ಹಬ್ಬದ್ ದಿನಾನಾದ್ರೂ ನಮ್ ಮೆಷಿನ್ನು ಹಲ್ ಕಟ್ಟಿಸ್ಕೊಂಡಿರ್ಲಿ."

"ಪೂಜೆಗ್ ಮಾತ್ರ ಭಾವ. ಇನ್ನೂ ಟೆಂಪರ್ ಆಗಿಲ್ಲ. ಮುಗೀತಲೇ ಬಿಚ್ಬುಡಿ."

"ಸರಿ ಬುಡೋ, ನನಗೇ ಹೇಳ್ಕೊಡ್ತೀಯ," ಎಂದು ಜೊತೆಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಅಲ್ಲಿಂದ ಅವರು ಅಕ್ಕನನ್ನು ಕರೆದುಕೊಂಡು ನಂಜನಗೂಡಿನ ಆಚೆ ತಮ್ಮ ಊರಿಗೆ ಹೋಗುವವರಿದ್ದರು.

ಬೂದುಗುಂಬಳ ಒಡೆದದ್ದಾಯಿತು, ಕಡ್ಲೆಪುರಿ ಹಂಚಿದ್ದಾಯಿತು, ಕೆಲಸದವರು ಮನೆಗೆ ಹೋದರು. ಸಂಜೆ ದೀಪ ಹಚ್ಚಲು ಅವ್ವನೂ ನಾನೂ ಮತ್ತೆ ಬಂದೆವು. ಪ್ರದೇಶವೆಲ್ಲ ನಿಶ್ಶಬ್ದ. ದಿನವೂ ಕಿವಿ ತುಂಬುವ ಸದ್ದು ಇಲ್ಲದಿದ್ದರೆ ಶೆಡ್ಡು ಬೇರೆ ಯಾರದೋ ಅನ್ನಿಸುತ್ತದೆ. ಅವ್ವ ಬತ್ತಿ ಹೊಸೆಯುತ್ತಿದ್ದಾಗ ದೇವರ ಮಂದಾಸನದ ಕಡೆಯಿಂದ "ಟಿಣ್" ಎಂದಿತು. ಹಲ್ಲಿ ಏನನ್ನೋ ತಳ್ಳಿರಬೇಕು ಎಂದುಕೊಂಡೆ. ಅವ್ವ ಕೈ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಸದ್ದು. ಗಂಟೆಯ ನಾಲಗೆಯನ್ನು ಉಗುರಿನಿಂದ ಮೀಟಿದ ಹಾಗೆ, ಸಣ್ಣದು, ಚೊಕ್ಕ.

ಎದ್ದು ಹೋಗಿ ದೇವರ ಮುಂದೆ ಸಾಲಾಗಿ ಇಟ್ಟಿದ್ದ ದವಡೆಗಳಲ್ಲಿ ಒಂದನ್ನು ಎತ್ತಿಕೊಂಡೆ.

"ಪೂಜೆಗಿಟ್ಟ ಸಾಮಾನು ಅಂಗೆಲ್ಲ ಎತ್ಬ್ಯಾಡ ಕಣಪ್ಪ," ಎಂದರು ಅವ್ವ.

ಏನೂ ಕಾಣಲಿಲ್ಲ. ಕೆಳಗಿಡಬೇಕು, ಅಷ್ಟರಲ್ಲಿ ಅದು ನನ್ನ ಅಂಗೈಯಲ್ಲೇ ಸದ್ದು ಮಾಡಿತು. ಕೇಳಿಸಿದ್ದಕ್ಕಿಂತ ಹೆಚ್ಚಾಗಿ ಮೂಳೆಗೆ ತಗುಲಿತು. ಮುಚ್ಚಿದ ಮುಷ್ಟಿಯೊಳಗೆ ಜೀರುಂಡೆ ಒದ್ದಂತೆ. ಬಲ್ಬಿನ ಹತ್ತಿರ ಹಿಡಿದೆ. ಅವ್ವ ಎಳೆದಿದ್ದ ವಿಭೂತಿ ಒಣಗಿ ಬೆಳ್ಳಗಾಗಿತ್ತು. ಆ ಬಿಳುಪನ್ನು ಅಡ್ಡಲಾಗಿ ಕತ್ತರಿಸಿ ಬೋಲ್ಟಿನ ತೂತಿನಿಂದ ಅಂಚಿನ ತನಕ ಒಂದು ಕಪ್ಪು ಕೂದಲೆಳೆ. ನೋಡುತ್ತಿದ್ದಂತೆ ಆ ಎಳೆ ನಿಧಾನಕ್ಕೆ ದಪ್ಪವಾಯಿತು. ದವಡೆಯನ್ನು ಅದ್ದಿದಾಗಿನ ಎಣ್ಣೆ ಗುಂಡಿಯ ಮೂಲೆಯಲ್ಲಿ ಉಳಿದಿತ್ತು, ಅದು ಬಿರುಕಿಗೆ ಇಳಿದು ವಿಭೂತಿಗೆ ಏರುತ್ತಿತ್ತು.

ಉಳಿದವುಗಳನ್ನೂ ನೋಡಿದೆ. ಕೆಲವಕ್ಕೆ ಎಳೆ ಬಂದಿತ್ತು, ಕೆಲವಕ್ಕೆ ಇಲ್ಲ. ಯಾರೂ ಮುಟ್ಟಿರಲಿಲ್ಲ, ಬಡಿದಿರಲಿಲ್ಲ, ಬಿಗಿದಿರಲಿಲ್ಲ. ತಮ್ಮಷ್ಟಕ್ಕೆ ತಾವು ಸೀಳಿಕೊಂಡಿದ್ದವು. ಅವ್ವ ನನ್ನ ಮುಖ ನೋಡಿ, ದೀಪ ಹಚ್ಚಿ, ಬಾ ಹೋಗೋಣ ಎಂದಷ್ಟೇ ಅಂದರು. ಬೀಗ ಹಾಕುವಾಗ ಒಳಗೆ ಇನ್ನೊಂದು ಸದ್ದಾಯಿತು.

ವಿಜಯದಶಮಿಯ ದಿನ ಕುಲುಮೆ ಯಜಮಾನರ ಮನೆಗೆ ಹೊರಟೆ. ಅವರ ಮನೆ ಲಷ್ಕರ್ ಮೊಹಲ್ಲಾದಲ್ಲಿ. ಜಂಬೂಸವಾರಿಗೆಂದು ಊರಿಗೆ ಊರೇ ರಸ್ತೆಗೆ ಇಳಿದಿತ್ತು, ನಾನು ಅದರ ಎದುರು ದಿಕ್ಕಿನಲ್ಲಿ ಭಾರದ ಚೀಲ ಹೊತ್ತು ಗಲ್ಲಿಗಲ್ಲಿ ನುಸುಳಿಕೊಂಡು ಹೋದೆ. ಯಜಮಾನರು ಜಗಲಿಯಲ್ಲೇ ಸೀಮೆಎಣ್ಣೆ ತರಿಸಿ ದವಡೆಗಳನ್ನು ಅದರಲ್ಲಿ ನೆನೆಸಿದರು, ಒರೆಸಿ ಒಣಗಿಸಿ ಸುಣ್ಣದ ಪುಡಿ ಬಳಿದರು. ಬಿರುಕಿನಲ್ಲಿ ಇಳಿದ ಸೀಮೆಎಣ್ಣೆ ಸುಣ್ಣಕ್ಕೆ ಏರಿ ಗೆರೆಯಾಗಿ ಕಾಣುತ್ತದೆ. ನಮ್ಮವ್ವನ ವಿಭೂತಿ ಮಾಡಿದ ಕೆಲಸವೇ. ಇನ್ನೂ ಕೆಲವು ದವಡೆಗಳಿಗೆ ಗೆರೆ ಬಂತು.

ಎಣ್ಣೆಯಿಂದ ತೆಗೆದ ಉಕ್ಕು ಕೈಗೆ ಬೆಚ್ಚಗಿರುವಾಗಲೇ ಟೆಂಪರ್ ಒಲೆಗೆ ಹೋಗಬೇಕು, ಇಲ್ಲದಿದ್ದರೆ ಒಳಗಿನ ಬಿಗುವು ದಾರಿ ಹುಡುಕುತ್ತದೆ, ಚೂಪು ಮೂಲೆ ಸಿಕ್ಕರೆ ಅಲ್ಲಿಂದಲೇ ಸೀಳುತ್ತದೆ ಎಂದು ಅವರು ವಿವರಿಸಿದರು. ಗೊತ್ತಿದ್ದ ಮಾತೇ, ಈ ಗಾತ್ರಕ್ಕೆ ಒಂದೆರಡು ದಿನ ತಡೆಯುತ್ತದೆ ಅಂದುಕೊಂಡಿದ್ದೆ ಎಂದರು. ಗೆರೆ ಬಾರದವನ್ನು ನಾಳೆ ಟೆಂಪರ್ ಮಾಡಿದರೆ ನಡೆದೀತು ಎಂದೂ ಸೇರಿಸಿದರು.

"ನಿಮ್ಮನೆ ಉಡುಗ ಇದ್ರ ಮುಂದೆ ನಿಂತ್ಕೊಳಂಗಿದ್ರೆ ಕೊಡ್ತೀರಾ?" ಎಂದೆ.

ಅವರು ಜಗಲಿಯ ಮೇಲಿದ್ದವನ್ನು ಜೊತೆಜೊತೆಯಾಗಿ ಜೋಡಿಸಿದರು. ಜೋಡಿಸಿ ತಲೆ ಎತ್ತಿದರು. "ಒಂದ್ ಜೊತೆ ಕಮ್ಮಿ ಇದ್ಯಲ್ಲ."

ಆಗಲೇ ನನಗೆ ಭಾವನ ಚೀಲ ನೆನಪಾದದ್ದು. ಬಿಚ್ಚಿರುತ್ತಾರೆ ಎಂದು ಬಾಯಿ ಹೇಳಿತು. ಆದರೆ ಭಾವನನ್ನು ನಾನು ಬಲ್ಲೆ. ಕೂರಿಸಿದ ಮೇಲೆ ಅವರು ಸುಮ್ಮನೆ ಇರುವವರಲ್ಲ, ಅಳತೆಯ ಡಯಲ್ ಹಚ್ಚಿ ನೆಟ್ಟಗಿದೆಯೇ ಎಂದು ನೋಡುತ್ತಾರೆ. ಆ ಉಕ್ಕು ಅಳತೆ ಕೆಡಿಸಿಕೊಂಡಿರಲಿಲ್ಲ, ಮುಳ್ಳು ಅಲ್ಲಾಡುವುದಿಲ್ಲ. ಇಷ್ಟು ನೆಟ್ಟಗೆ ಕೂತಿದ್ದನ್ನು ಯಾಕೆ ಬಿಚ್ಚಲಿ ಅನ್ನುತ್ತಾರೆ.

ಅವರ ಊರಿನಲ್ಲಿ ಫೋನಿರಲಿಲ್ಲ. ಕಾರ್ಖಾನೆಗೆ ಬೀಗ. ಕೊನೆಯ ಬಸ್ಸಿಗೆ ಅಲ್ಲಿಗೇ ಹೋಗೋಣವೆಂದರೆ ಮೆರವಣಿಗೆಯ ಜನ ಕರಗಿ ದಾರಿ ಸಿಗುವಷ್ಟರಲ್ಲಿ ಅದೂ ಹೋಗಿತ್ತು. ಮೊದಲ ಪಾಳಿಗೆ ಅವರು ಊರಿನಿಂದ ನೇರ ಕೆಲಸಕ್ಕೆ ಬರುವುದು ವಾಡಿಕೆ. ಬೆಳಿಗ್ಗೆ ಗೇಟಿನಲ್ಲೇ ಹಿಡಿಯಬೇಕು ಎಂದು ಲೆಕ್ಕ ಹಾಕಿದೆ.

ಹಿಡಿಯಲಾಗಲಿಲ್ಲ. ಕಾರ್ಖಾನೆಯ ಬಸ್ಸು ನನ್ನ ಎದುರೇ ಒಳಗೆ ಹೋಯಿತು, ಭಾವ ಕಿಟಕಿಯಿಂದ ಕೈ ಬೀಸಿದರು. ನಾನು ಬೀಸಿದ್ದನ್ನೂ ಅವರು ಹಾಗೇ ತಿಳಿದರು. ಕಾವಲುಗಾರ, ಚೀಟಿ ಇಲ್ಲದೆ ಒಳಗೆ ಬಿಡಲ್ಲ ಎಂದ. ಫೋರ್‌ಮನ್‌ಗೆ ಫೋನ್ ಮಾಡಿ ಎಂದರೆ, ಅವರು ಸೀಟಿನಲ್ಲಿಲ್ಲ ಎಂದ. ಎಷ್ಟೋ ಜನರನ್ನು ಮಾತಿನಲ್ಲಿ ಬಗ್ಗಿಸಿದ್ದೇನೆ. ಆ ಕಾವಲುಗಾರ ಮಾತ್ರ ಬಗ್ಗಲಿಲ್ಲ. ಸೈರನ್ ಆಯಿತು. ಆ ಮೇಲೆ ಒಂದೊಂದೇ ಮೆಷಿನ್ನು ಎದ್ದ ಸದ್ದು. ಗೇಟಿನ ಕಂಬಿ ಹಿಡಿದು ನಾನು ಆ ಸದ್ದಿನೊಳಗೆ ಇನ್ನೊಂದು ಸಣ್ಣ ಸದ್ದಿಗೆ ಕಿವಿಗೊಟ್ಟು ನಿಂತಿದ್ದೆ. ಅಷ್ಟು ಗದ್ದಲದಲ್ಲಿ ಅದು ಕೇಳುವುದಿಲ್ಲ ಎಂದು ಗೊತ್ತಿದ್ದೂ.

ಚೀಟಿ ಸಿಕ್ಕಾಗ ಬಿಸಿಲೇರಿತ್ತು. ಒಳಗೆ ಹೋದರೆ ಭಾವನ ಮೆಷಿನ್ನಿನಲ್ಲಿ ಕಟರ್ ಒರಟು ತುಂಡನ್ನು ತಿನ್ನುತ್ತಿತ್ತು. ಅವರು ಬಗ್ಗಿ, ವೈಸ್‌ನಿಂದ ಒಂದು ಗೇಣು ದೂರದಲ್ಲಿ ಮುಖವಿಟ್ಟು ತುಂಡಿನ ಮೇಲೆ ಹಾಕಿದ ಅಳತೆಯ ಗೆರೆ ನೋಡುತ್ತಿದ್ದರು. ಕಣ್ಣಿಗೆ ಕನ್ನಡಕವಿಲ್ಲ, ಆಗ ಯಾರೂ ಹಾಕುತ್ತಿರಲಿಲ್ಲ. ಕೂಗಿದರೆ ತಿರುಗುತ್ತಾರೆ, ತಿರುಗುವಾಗ ಕೈ ಎಲ್ಲಿಗೋ ತಗುಲೀತು. ಹೊರಗಿನವರು ಮೆಷಿನ್ ಮುಟ್ಟಬಾರದು ಎಂಬುದು ಅಲ್ಲಿಯ ಮೊದಲ ನಿಯಮ. ನಾನು ಹೋಗಿ ಮೆಷಿನ್ ನಿಲ್ಲಿಸುವ ಕೆಂಪು ಗುಂಡಿ ಒತ್ತಿದೆ.

"ಏನೋ ಇದು, ಹುಚ್ಚು ಗಿಚ್ಚು ಹಿಡೀತಾ?" ಎಂದರು ಭಾವ. ಹಿಂದಿನಿಂದ ಫೋರ್‌ಮನ್ ಬೈಯುತ್ತ ಬಂದರು. ನಾನು ದವಡೆ ಬಿಚ್ಚಿ ಎಂದಷ್ಟೇ ಹೇಳಿದೆ. ನನ್ನ ದನಿಯಲ್ಲಿ ಏನಿತ್ತೋ, ಭಾವ ವೈಸ್ ಹಿಡಿದಿದ್ದ ತುಂಡನ್ನು ಸಡಿಲಿಸಿ ತೆಗೆದು, ಅಲೆನ್ ಕೀ ಹಾಕಿ ತಮ್ಮ ಕಡೆಯ ಬೋಲ್ಟ್ ತಿರುಗಿಸಿದರು. ಬೋಲ್ಟ್ ಸಡಿಲವಾಗುತ್ತಲೇ ದವಡೆಯ ಆ ತುದಿ ಬೇರೆಯಾಗಿ ಅವರ ಅಂಗೈಗೆ ಬಿತ್ತು. ಮುಷ್ಟಿಯಷ್ಟು ತುಂಡು. ಬೋಲ್ಟಿನ ತಲೆಯ ಅರ್ಧ ಅಂಚು ಒತ್ತಿಕೊಂಡಿದ್ದಷ್ಟೇ ಅದಕ್ಕಿದ್ದ ಆಧಾರ. ಕಟರ್ ಒಮ್ಮೆ ಸಿಕ್ಕಿಕೊಂಡು ಎಳೆದಿದ್ದರೆ ಅದು ಹಾರುತ್ತಿದ್ದದ್ದು ಅವರು ಬಗ್ಗಿದ್ದ ದಿಕ್ಕಿಗೇ.

ಸೀಳಿದ ಮುಖ ಬೂದಿ ಬಣ್ಣಕ್ಕೆ, ರೇಷ್ಮೆಯಷ್ಟು ನುಣುಪಾಗಿತ್ತು. ಭಾವ ತುಂಡನ್ನು ಮತ್ತೆ ಅದರ ಜಾಗಕ್ಕೆ ಹಚ್ಚಿದರು. ಗೆರೆಯೇ ಕಾಣದಂತೆ ಕೂತುಕೊಂಡಿತು. ತೆಗೆದರು, ಮತ್ತೆ ಹಚ್ಚಿದರು.

"ಬೆಳಿಗ್ಗೆಯಿಂದ ಏನೂ ಗೊತ್ತಾಗ್ಲಿಲ್ಲ ಕಣೋ," ಎಂದರು. "ಚೆನ್ನಾಗ್ ಹಿಡ್ಕೊಂಡಿತ್ತು."

ಫೋರ್‌ಮನ್ ಸುಧಾರಿಸಿಕೊಂಡು ಕೆಲಸದ ಮಾತಿಗೆ ಬಂದರು. ಗೆರೆ ಬಾರದ ಜೊತೆಗಳು ಇವೆಯಲ್ಲ, ಅವನ್ನು ಟೆಂಪರ್ ಮಾಡಿಸಿ ಕೊಡಿ, ಕೆಲಸ ನಿಲ್ಲಿಸಲಾಗುವುದಿಲ್ಲ, ನಿಂತರೆ ಆರ್ಡರ್ ಬೇರೆಯವರಿಗೆ ಹೋಗುತ್ತದೆ ಎಂದರು. ಅದುವರೆಗೆ ಯಾವ ಗಿರಾಕಿಯನ್ನೂ ನಾನು ಬಿಟ್ಟುಕೊಟ್ಟವನಲ್ಲ. ಭಾವನ ಕೈ ಇನ್ನೂ ಆ ತುಂಡನ್ನು ಹಚ್ಚಿ ತೆಗೆದು ಮಾಡುತ್ತಿತ್ತು. ಬೇರೆಯವರಿಗೇ ಕೊಡಿ ಸರ್ ಎಂದು ಬಂದುಬಿಟ್ಟೆ.

ಶೆಡ್ಡಿಗೆ ಬಂದು ಗೆರೆ ಬಾರದ ದವಡೆಗಳನ್ನೆಲ್ಲ ಅಡಿಗಲ್ಲಿನ ಮೇಲಿಟ್ಟು, ಗೋಣಿ ಹೊದಿಸಿ, ಸುತ್ತಿಗೆಯಿಂದ ಹೊಡೆದೆ. ಕೆಲವು ಒಂದೇ ಏಟಿಗೆ ಬಟ್ಟಲಿನ ಹಾಗೆ ಒಡೆದವು. ಕೆಲವು ಎಷ್ಟು ಹೊಡೆದರೂ ಒಡೆಯಲಿಲ್ಲ. ಅವು ಒಳ್ಳೆಯವೇ ಇದ್ದವೋ ಏನೋ. ಅವನ್ನೂ ಮುರುಕಿಗೆ ಹಾಕಿದೆ. ಹೊರಗಿನಿಂದ ನೋಡಿ ಇದು ಅದು ಎಂದು ಹೇಳಲು ಬಾರದ ಮಾಲನ್ನು ಮಾರಬೇಡಿ, ನನ್ನ ಮಾತು ಕೇಳಿ.

ಆಮೇಲೆ ಹೊಸದಾಗಿ ಶುರು ಮಾಡಿದೆ. ಗಟ್ಟಿತನವೊಂದನ್ನೇ ಹುಡುಕಿ ಹೋಗಿದ್ದೆ, ಈಗ ಮುರಿಯುವ ಮೊದಲು ಒಂದು ಮಾತು ಹೇಳುವ ಉಕ್ಕು ಬೇಕಾಗಿತ್ತು. ಗೇರು ಮಾಡಲು ಬಳಸುವ, ಮ್ಯಾಂಗನೀಸು ಕ್ರೋಮಿಯಂ ಬೆರೆತ, ಇಂಗಾಲ ಕಮ್ಮಿಯ ಉಕ್ಕು ತೆಗೆದುಕೊಂಡೆ. ಅದಕ್ಕೆ ಗ್ಯಾಸಿನ ಕುಲುಮೆಯಲ್ಲಿ ಇಂಗಾಲ ಉಣಿಸಿದರೆ ನಾಣ್ಯದ ದಪ್ಪದ ಗಟ್ಟಿ ಪದರ ಬರುತ್ತದೆ, ಇದ್ದಿಲ ಪೆಟ್ಟಿಗೆಯ ಸಿಪ್ಪೆಯಂತಲ್ಲ, ಒಳಗಿನ ತಿರುಳೂ ಅದನ್ನು ಹೊರುವಷ್ಟು ಜಿಗುಟು. ಬೋಲ್ಟಿನ ಗುಂಡಿಗಳಿಗೆ ಇಂಗಾಲ ಹೋಗದಂತೆ ಲೇಪ ಬಳಿಸಿದೆ, ಮೂಲೆಗಳನ್ನು ದುಂಡಗೆ ಮಾಡಿಸಿದೆ. ಅದ್ದಿದ ದಿನವೇ, ಅಲ್ಲೇ ನಿಂತು, ಟೆಂಪರ್ ಒಲೆಯ ಬಾಗಿಲು ಮುಚ್ಚುವುದನ್ನು ಕಣ್ಣಾರೆ ನೋಡಿ ಬರುತ್ತಿದ್ದೆ. ಕೊನೆಗೆ ಗ್ರೈಂಡಿಂಗ್ ಚಕ್ರದಲ್ಲಿ ಉಜ್ಜುವಾಗಲೂ ನೀರು ಧಾರಾಳ, ಒಂದು ಸಲಕ್ಕೆ ತೆಗೆಯುವುದು ಚೂರೇ ಚೂರು. ಆತುರದಲ್ಲಿ ಉಜ್ಜಿದರೆ ಅಲ್ಲಿಯೂ ಕೂದಲ ಬಿರುಕು ಏಳುತ್ತದೆ.

ಪ್ರತಿ ಸಲ ಕಾಯಿಸಿದ ಮಾಲಿನಿಂದ ಒಂದು ದವಡೆಯನ್ನು ಪ್ರೆಸ್ಸಿಗೆ ಕೊಟ್ಟು ಮುರಿಸುತ್ತಿದ್ದೆ. ಮೊದಲ ಸಲ ಅದು ಮೇಲೆ ಪಟಪಟ ಎಂದು, ನಿಧಾನವಾಗಿ ಬಾಗಿ, ಬಹಳ ಹೊತ್ತು ಬಾಗಿಯೇ ಇದ್ದು, ಆಮೇಲೆ ಮುರಿಯಿತು. ಕುಲುಮೆ ಯಜಮಾನರು ಪಕ್ಕದಲ್ಲೇ ಇದ್ದರು. "ಇದು ಹೇಳ್ಬುಟ್ಟು ಹೋಗತ್ತೆ," ಎಂದರು.

ಆರ್ಡರ್ ಆ ವರ್ಷ ಬೇರೆಯವರಿಗೆ ಹೋಯಿತು, ಕಾಲಕ್ರಮದಲ್ಲಿ ನನ್ನ ಬಳಿಗೇ ವಾಪಸು ಬಂತು. ಎರಡು ಸಾವಿರದ ಇಸವಿ ಕಳೆದು ಭಾವ ನಿವೃತ್ತರಾಗುವ ತನಕ ಅವರ ಮೆಷಿನ್ನಿನ ಮೇಲೆ ನನ್ನ ವೈಸೇ ಇತ್ತು. ಏನೂ ಆಗಲಿಲ್ಲ. ಯಾರಿಗೂ ಗಾಯವಾಗಲಿಲ್ಲ. ಅಕ್ಕನಿಗೆ ಇವತ್ತಿಗೂ ಈ ಸಂಗತಿ ಗೊತ್ತಿಲ್ಲ. ಆದದ್ದನ್ನು ಅತ್ತು ಮುಗಿಸಬಹುದು, ಆಗದೆ ಹೋದದ್ದಕ್ಕೆ ಮುಗಿಯುವುದು ಎಂಬುದಿಲ್ಲ. ಕೆಲವು ರಾತ್ರಿ ಕನಸಿನಲ್ಲಿ ನನಗೆ ಚೀಟಿ ಸಿಗುವುದೇ ಇಲ್ಲ, ಗೇಟಿನ ಕಂಬಿ ಹಿಡಿದೇ ಬೆಳಗಾಗುತ್ತದೆ.

ಭಾನುವಾರ ಅಕ್ಕನ ಮನೆಯಲ್ಲಿ ಊಟವಾದ ಮೇಲೆ ಭಾವ ಆರಾಮ ಕುರ್ಚಿಯಲ್ಲಿ ಹಾಗೇ ಒರಗಿ ನಿದ್ದೆ ಹೋಗುತ್ತಾರೆ. ಹೊತ್ತಾಯಿತು, ಹೊರಡೋಲ್ವಾ ಎಂದು ಅಕ್ಕ ಕೇಳುತ್ತಾಳೆ. ಹೋಗುತ್ತೇನೆ ಎಂದು ನಾನು ಕೂತೇ ಇರುತ್ತೇನೆ. ಅವರು ಎಚ್ಚರಾಗಿ, ಎರಡೂ ಕಣ್ಣು ತೆರೆದು, ಇನ್ನೂ ಇಲ್ಲೇ ಇದ್ದೀಯೇನೋ ಎಂದ ಮೇಲೆಯೇ ನಾನು ಎದ್ದು ಚಪ್ಪಲಿ ಮೆಟ್ಟುವುದು.